ಏಲಂ ಕೂಗುವವನ ಪಾರ್ಸೆಲ್

ಮಲ್ಪೆ ಅಂಚೆ ಕಚೇರಿ, ಕೌಂಟರ್ ಎರಡು.
ಫ್ಯಾನಿನ ಗಾಳಿಗೆ ಹಾರದಂತೆ ಚೀಟಿಗಳ ಮೇಲೆ
ಮೊಹರು ಹೇರಿಟ್ಟು ಕೂತವಳು ನಾನು.
ಹನ್ನೊಂದೂಕಾಲಿಗೆ ಬಂದ ಐತಪ್ಪ ಮೆಂಡನ್,
ಕೊರಳಿಗೆ ಬಿಳಿ ಬಟ್ಟೆ, ಕಂಕುಳಲ್ಲಿ ಸ್ಲೇಟು.
ಮೊಮ್ಮಗಳದ್ದಿರಬೇಕು, ಚೌಕಟ್ಟು ಗುಲಾಬಿ.

ಆ ಗಂಟಲು ಊರಿಗೇ ಗೊತ್ತು.
ದಕ್ಕೆಯಲ್ಲಿ ನಿಂತು ಒಮ್ಮೆ ಕೂಗಿದರೆ
ಮಸಾಲೆ ಕಡೆಯಲು ಕೂತವರಿಗೆ ತಿಳಿಯುತ್ತಿತ್ತು
ಇವತ್ತು ಅಂಜಲಾ, ಬರೀ ಬೂತಾಯಿಯಾ.
ಮೂವತ್ತನಾಲ್ಕು ವರ್ಷ ಪರರ ಮೀನಿಗೆ
ಬೆಲೆ ಏರಿಸಿದ ಗಂಟಲು.
ಮಣಿಪಾಲದಲ್ಲಿ ಅದನ್ನು ತೆಗೆದರು.
ಈಗ ಅಲ್ಲೊಂದು ತೂತು,
ಉಸಿರು ಹೋಗುತ್ತದೆ ಬರುತ್ತದೆ,
ಮಾತು ಆ ದಾರಿ ಹಿಡಿಯುವುದಿಲ್ಲ.

ಪಾರ್ಸೆಲ್ಲು ಜರ್ಮನಿಯದು, ಅಲ್ಲಿಯೂ ಮೀನಿನ ಬಂದರೇ ಅಂತೆ.
ಗಂಡ ತೀರಿದ ಮೇಲೆ ಕಪಾಟು ಖಾಲಿ ಮಾಡುತ್ತಿದ್ದ ಮುದುಕಿಗೆ
ಕಲ್ಯಾಣಪುರದ ನರ್ಸ್ ಫ್ಲೋಸಿ ವಿಳಾಸ ಕೊಟ್ಟಿದ್ದಳು.
ಚೀಟಿಯಲ್ಲಿ ಮುದುಕಿ ಸತ್ಯ ಬರೆದಿದ್ದಾಳೆ:
ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಯಂತ್ರ, ಒಂದು.
ಬಳಸಿದ್ದು. ಉಡುಗೊರೆ. ಬೆಲೆ ಸೊನ್ನೆ.

ಆ ಸೊನ್ನೆಯನ್ನು ಯಾರೂ ನಂಬಲಿಲ್ಲ.
ಮುಂಬಯಿಯ ಯಾವುದೋ ಮೇಜಿನ ಮೇಲೆ
ಬಿಚ್ಚಿ, ತಿರುಗಿಸಿ, ಹೊಸದರ ರೇಟು ಹುಡುಕಿ,
ಮತ್ತೆ ಹಸಿರು ಟೇಪು ಸುತ್ತಿ ಕಳಿಸಿದ್ದಾರೆ.
ಸುಂಕ, ಸುಂಕದ ಬೆನ್ನಿಗೆ ಸೆಸ್ಸು,
ಎರಡನ್ನೂ ಹೊತ್ತ ಜಿಎಸ್‌ಟಿ, ನಮ್ಮ ಕೈಕೂಲಿ.
ಎಂಟು ಸಾವಿರದ ಏಳುನೂರ ನಲವತ್ತೆರಡು.

ಅವನು ಸ್ಲೇಟಿನಲ್ಲಿ ಬರೆದ: ಐದು ಸಾವಿರ.
ನಾನು ತಲೆ ಅಲ್ಲಾಡಿಸಿದೆ.
ಅಂಗೈಯಲ್ಲಿ ಒರೆಸಿ ಬರೆದ: ಐದೂವರೆ.
ಕ್ಯೂನಲ್ಲಿ ಯಾರೋ ನಕ್ಕರು. ಅವನು ನಗಲಿಲ್ಲ.
ಎದುರಾಳಿಯೇ ಇಲ್ಲದ ಏಲಂ,
ಒಬ್ಬನೇ ಕೂಗಬೇಕು, ಅದೂ ಬಳಪದಲ್ಲಿ.

ಆಕ್ಷೇಪಣೆ ಬರೆದುಕೊಡಬಹುದು ಎಂದೆ,
ಆಸ್ಪತ್ರೆಯ ಕಾಗದ ಲಗತ್ತಿಸಿ.
ಪಾರ್ಸೆಲ್ ವಾಪಸು ಹೋಗುತ್ತದೆ,
ಎರಡು ತಿಂಗಳು, ಮೂರು, ಬಂದರೆ ಬಂತು.
ಸುಂಕದವನ ಮುಂದೆ ಸುಖದುಃಖ ಹೇಳಬಾರದೆನ್ನುತ್ತಾರೆ.
ನಾನು ಸುಂಕದವಳೂ ಅಲ್ಲ,
ಅವರ ಚೀಟಿ ಓದುವವಳು. ಆದರೂ
ಗಾಜಿನ ಈಚೆ ಕೂತಿರುವುದು ನಾನೇ.

ಪ್ಲಾಸ್ಟಿಕ್ ತೊಟ್ಟೆಯಿಂದ ನೋಟು ತೆಗೆದ.
ಐನೂರರ ಹದಿನೇಳು, ನೂರರ ಎರಡು, ಮಿಕ್ಕಿದ್ದು ಚಿಲ್ಲರೆ.
ಎರಡೆರಡು ಸಲ ಎಣಿಸಿದೆ.
ಬೆರಳಿಗೆ ಉಪ್ಪು ಹತ್ತಿತು.

ಅಲ್ಲೇ ಟೇಪು ಹರಿದ, ಗೋಂದಿನ ಬಟ್ಟಲ ಪಕ್ಕ.
ಗಡ್ಡ ಹೆರೆಯುವ ಮೆಷಿನ್ನಿನಂಥದು,
ಒಂದು ಮಗ್ಗುಲಲ್ಲಿ ಬಣ್ಣ ಸವೆದು
ಇನ್ನೊಬ್ಬನ ಹೆಬ್ಬೆರಳಿನ ಗುಳಿ.
ಇವನ ಹೆಬ್ಬೆರಳು ಅದರಲ್ಲಿ ಹಿಡಿಸಲಿಲ್ಲ.
ಬ್ಯಾಟರಿಯಲ್ಲಿ ಅಲ್ಲಿಯ ಚಾರ್ಜು ಇನ್ನೂ ಉಳಿದಿತ್ತು.

ಕೊರಳಿಗೊತ್ತಿದ. ಗುಂಯ್ ಎಂದಿತು,
ಚಿಪ್ಪಿನೊಳಗೆ ಸಿಕ್ಕಿದ ಕಣಜದಂತೆ.
ಇನ್ನೊಂದು ಕಡೆ ಒತ್ತಿದ, ಬರೀ ತುಟಿ ಆಡಿತು.
ಕ್ಯೂ ಸುಮ್ಮನಾಯಿತು.
ಗದ್ದದ ಕೆಳಗೆ, ತುಸು ಎಡಕ್ಕೆ,
ಏರಿಲ್ಲದ ಇಳಿವಿಲ್ಲದ ಒಂದೇ ಎಳೆಯಲ್ಲಿ
ನನ್ನ ಮುಖ ನೋಡಿ ಅಂದ:
ರಸೀದಿ.

ಹೌದು, ಮರೆತಿದ್ದೆ.
ವಸ್ತುವಿನ ವಿವರ ಎಂಬ ಖಾನೆಯಲ್ಲಿ ಪೆನ್ನು ಸ್ವಲ್ಪ ನಿಂತಿತು,
ಆಮೇಲೆ ಚೀಟಿಯಲ್ಲಿದ್ದುದನ್ನೇ ಇಳಿಸಿದೆ.

ಸ್ಲೇಟು ಕಂಕುಳಿಗೆ ಸಿಕ್ಕಿಸಿ ಹೊರಟವನು
ಬಾಗಿಲಲ್ಲಿ ಮತ್ತೆ ಒತ್ತಿ ನೋಡಿದ.
ಒಂಜಿ, ಅಂದ. ರಡ್ಡ್, ಅಂದ.
ಟಪಾಲು ವಿಂಗಡಿಸುತ್ತಿದ್ದ ಲಾರೆನ್ಸ್
ಹಳೆಯ ಅಭ್ಯಾಸಕ್ಕೆ ಕೈ ಎತ್ತಿಬಿಟ್ಟ.

ಸಂಜೆ ಲೆಕ್ಕಕ್ಕೆ ಎರಡು ರೂಪಾಯಿ ಕಡಿಮೆ ಬಂತು.
ನಾನೇ ಹಾಕಿದೆ.